ನೆಲವಿಲ್ಲದವನ ಆಟ

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಮೊಮ್ಮಗನು ಹುಬ್ಬಳ್ಳಿಯಿಂದ ನಾಗಾವಿಗೆ ಬಂದಿದ್ದನು. ಎರೆಯ ಹೊಲಗಳು ಬಿರುಕುಬಿಟ್ಟು, ಕಪ್ಪತಗುಡ್ಡದ ಕಡೆಯಿಂದ ಬಿಸಿಗಾಳಿ ಬೀಸುತ್ತಿದ್ದ ದಿನಗಳವು. ಮಧ್ಯಾಹ್ನದ ಊಟವಾದ ಮೇಲೆ ನಾನು ಪಡಸಾಲೆಯಲ್ಲಿ ಅಡ್ಡಾಗುತ್ತಿದ್ದೆ. ಅವನು ಕಂಬಕ್ಕೊರಗಿ ಗಣಕಯಂತ್ರದಲ್ಲಿ ಆಟವಾಡುತ್ತ ಕುಳಿತಿರುತ್ತಿದ್ದನು. ಒಂದು ದಿನ ಇದ್ದಕ್ಕಿದ್ದಂತೆ ಹಿಗ್ಗಿನಿಂದ ಕೂಗಿದನು: "ಅಜ್ಜಾ, ರಾಜ್ಯ ಬಿಟ್ಟುಕೊಟ್ಟೆ ನೋಡು! ಈಗ ನನ್ನ ಕಡೆ ಒಂದು ಗುಂಟೆ ಹೊಲಾನೂ ಇಲ್ಲ!"

ನಾನು ಎದ್ದು ಕುಳಿತೆ. ಹೊಲವಿಲ್ಲವೆಂಬ ಮಾತನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಈ ವಯಸ್ಸಿನವರೆಗೆ ಕಂಡಿರಲಿಲ್ಲ. ನಮ್ಮೂರಲ್ಲಿ ಆ ಮಾತನ್ನು ಜನರು ದನಿ ತಗ್ಗಿಸಿಯೇ ಹೇಳುವುದು: ಸಾಲ ಕೇಳುವಾಗ, ಮಗನಿಗೆ ಹೆಣ್ಣು ನೋಡಲು ಹೋದಾಗ, ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತಾಗ.

ಅದೇನು ಆಟವೆಂದು ಕೇಳಿದೆ. ಅವನು ಉತ್ಸಾಹದಿಂದ ವಿವರಿಸಿದನು. ಸ್ವೀಡನ್ ದೇಶದ ಸಂಸ್ಥೆಯೊಂದು 2020ರಲ್ಲಿ ಹೊರತಂದ 'ಕ್ರುಸೇಡರ್ ಕಿಂಗ್ಸ್' ಎಂಬ ಆಟದ ಮೂರನೆಯ ಆವೃತ್ತಿಯದು. ಯುರೋಪಿನಿಂದ ಏಷ್ಯಾದವರೆಗೆ ಹಬ್ಬಿದ ನಕ್ಷೆಯ ಮೇಲೆ, 867, 1066ರಂಥ ಒಂದು ವರ್ಷದಿಂದ ಆರಂಭಿಸಿ 1453ರವರೆಗೆ, ಆಟಗಾರನು ಒಂದು ರಾಜವಂಶವನ್ನು ನಡೆಸಬೇಕು. ಒಬ್ಬನು ಸತ್ತರೆ ಅವನ ಉತ್ತರಾಧಿಕಾರಿಯಾಗಿ ಆಟ ಮುಂದುವರಿಯುತ್ತದೆ. ಮದುವೆ, ಮೈತ್ರಿ, ಒಳಸಂಚು, ಯುದ್ಧ, ದಾಯಾದಿಗಳ ಕಲಹ ಎಲ್ಲವೂ ಅದರಲ್ಲುಂಟು. 2024ರಲ್ಲಿ ಇದಕ್ಕೊಂದು ಹೊಸ ಭಾಗವನ್ನು ಸೇರಿಸಿದರು. ಅದರಂತೆ ರಾಜನಾಗಿ ಮಾತ್ರವಲ್ಲದೆ, ಅಂಗೈಯಗಲ ಭೂಮಿಯೂ ಇಲ್ಲದ ಸಾಹಸಿಯಾಗಿಯೂ ಆಡಬಹುದು. ಅಂಥವನಿಗೆ ಕೋಟೆಯಿಲ್ಲ, ಪಾಳೆಯವಿದೆ. ಪ್ರಜೆಗಳಿಲ್ಲ, ಬೆನ್ನಿಗೆ ಬಂದ ಅನುಚರರಿದ್ದಾರೆ. ಅವನು ಊರಿಂದೂರಿಗೆ ಡೇರೆ ಕಿತ್ತುಕೊಂಡು ಹೋಗುತ್ತ, ಅರಸರು ಒಪ್ಪಿಸಿದ ಕೆಲಸಗಳನ್ನು ಮಾಡಿಕೊಡುತ್ತ, ಹಣವನ್ನೂ ಹೆಸರನ್ನೂ ಗಳಿಸುತ್ತ, ಕೊನೆಗೊಂದು ದಿನ ಯಾರದಾದರೂ ಸಿಂಹಾಸನವನ್ನು ಕಿತ್ತುಕೊಳ್ಳಬಹುದು. ಮನಸ್ಸಿಲ್ಲದಿದ್ದರೆ ಅಲೆಯುತ್ತಲೇ ಇರಬಹುದು. ಪಾಳೆಯ ಮುಂದೆ ಸಾಗಿದಂತೆ ಬುತ್ತಿ ಕರಗುತ್ತದೆ. ಆ ಬುತ್ತಿಯ ಲೆಕ್ಕ ತೆರೆಯ ಮೇಲೆ ಒಂದು ಅಂಕಿಯಾಗಿ ಕಾಣುತ್ತಿರುತ್ತದೆ.

ಮಕ್ಕಳು ಗಣಕಯಂತ್ರದ ಮುಂದೆ ಕುಳಿತಿರುವುದನ್ನು ನಿಂದಿಸುವುದು ನಿವೃತ್ತ ಶಿಕ್ಷಕರ ನಿತ್ಯಕರ್ಮಗಳಲ್ಲೊಂದು. ನಾನೂ ಆ ಕರ್ಮವನ್ನು ತಪ್ಪದೆ ಆಚರಿಸುತ್ತ ಬಂದವನೇ. ಆದರೆ ಆ ಮಧ್ಯಾಹ್ನ ನನ್ನ ಬಾಯಿ ಕಟ್ಟಿತು. ಮೂವತ್ತು ವರ್ಷಗಳ ಕಾಲ ನಾನು ತರಗತಿಯಲ್ಲಿ ಹೇಳಲಾರದೆ ಹೋದ ಒಂದು ಸಂಗತಿಯನ್ನು ಈ ಆಟವು ಹೇಳುತ್ತಿದೆಯೆಂದು ನನಗೆ ಅನಿಸಿತು.

ನಾವು ಇತಿಹಾಸವನ್ನು ಕಲಿಸುವ ಬಗೆಯನ್ನು ನೋಡಿರಿ. ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಎಂದು ವಂಶಾವಳಿಗಳನ್ನು ಹಲಗೆಯ ಮೇಲೆ ಬರೆಯುತ್ತೇವೆ. ಪ್ರತಿಯೊಂದು ವಂಶವೂ ಒಬ್ಬ ಮೂಲಪುರುಷನಿಂದ ಆರಂಭವಾಗುತ್ತದೆ. ಅವನು ಹುಟ್ಟುವಾಗಲೇ ತಲೆಯ ಮೇಲೆ ಕಿರೀಟವಿತ್ತೆಂಬಂತೆ ಅವನ ಹೆಸರನ್ನು ಬರೆದು, ಕೆಳಗೆ ಗೆರೆ ಎಳೆಯುತ್ತೇವೆ. ಆ ಗೆರೆಯ ಮೇಲುಭಾಗದಲ್ಲಿ ಏನಿತ್ತೆಂಬುದನ್ನು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ, ಶಿಕ್ಷಕನೂ ಹೇಳುವುದಿಲ್ಲ. ಕನ್ನಡ ನಾಡಿನ ಮೊದಲ ಅರಸುಮನೆತನದ ಸ್ಥಾಪಕನಾದ ಮಯೂರಶರ್ಮನಿಗೆ ನಾಡೆಲ್ಲಿತ್ತು? ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಮೇಲೆ ಕುಬ್ಜನೆಂಬ ಕವಿ ರಚಿಸಿದ ಶಾಸನವು ಆ ಕತೆಯನ್ನು ಹೇಳುತ್ತದೆ. ಓದುವುದಕ್ಕಾಗಿ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ ಬ್ರಾಹ್ಮಣ ಯುವಕನು ಪಲ್ಲವರ ಕುದುರೆಯ ಸವಾರನೊಡನೆ ನಡೆದ ಜಗಳದಿಂದ ಕೆರಳಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದನು. ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದವರೆಗಿನ ದುರ್ಗಮವಾದ ಕಾಡನ್ನು ಹೊಕ್ಕು, ಬಾಣರಿಂದ ಕಪ್ಪ ವಸೂಲು ಮಾಡಿದನು. ಹಿಡಿಯಲಾರದೆ ಬೇಸತ್ತ ಪಲ್ಲವರೇ ಕೊನೆಗೆ ಅವನಿಗೆ ಒಂದು ನಾಡನ್ನು ಒಪ್ಪಿಸಿ ಮನ್ನಿಸಿದರು. ಇದು ನಡೆದದ್ದು ಸುಮಾರು 345ರಲ್ಲಿ. ಅದಕ್ಕಿಂತ ಹಿಂದಿನ ದಿನಗಳಲ್ಲಿ ಕಂಚಿಯ ಅಧಿಕಾರಿಗಳು ಅವನನ್ನು ಏನೆಂದು ಕರೆದಿರಬಹುದು? ಕಾಡುಗಳ್ಳನೆಂದೇ ಅಲ್ಲವೇ?

ಭೂಮಿಯಿಲ್ಲದವನೂ ಇತಿಹಾಸದಲ್ಲಿ ಒಂದು ಪಾತ್ರವೆಂಬುದನ್ನು ಈ ಆಟ ಬಲ್ಲದು. ಅಷ್ಟರಮಟ್ಟಿಗೆ ಅದು ನನ್ನ ಪಾಠಕ್ಕಿಂತ ಮೇಲು. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಆದರೆ ಅಂಥ ಸಾಹಸಿಗಳನ್ನು ಕಾಣಲು ದೂರದ ಕಂಚಿಗೆ ಹೋಗಬೇಕಾಗಿಲ್ಲ, ಸ್ವೀಡನ್ನಿಗಂತೂ ಬೇಡ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಡುವಿನ ಈ ಎರೆಯ ಸೀಮೆಯಲ್ಲೇ ಒಬ್ಬನು ಪಾಳೆಯ ಹೂಡಿದ್ದನು. ಅವನ ಹೆಸರು ಧೋಂಡಿಯ ವಾಘ. ಆಟದ ಕಾಲಾವಧಿಗೆ ಅವನು ಬಹಳ ಈಚಿನವನು. ಆದರೆ ಬಾಳಿದ ರೀತಿಯಲ್ಲಿ ಆ ಆಟದ ಸಾಹಸಿಯೇ.

ಧೋಂಡಿಯನು ಚನ್ನಗಿರಿಯಲ್ಲಿ ಮರಾಠಾ ಮನೆತನವೊಂದರಲ್ಲಿ ಹುಟ್ಟಿದನು. ಹೈದರಾಲಿಯ ಸೈನ್ಯದಲ್ಲಿ ಸೇರಿ ಬೆಳೆದನು. 1792ರ ಯುದ್ಧದ ಗೊಂದಲದಲ್ಲಿ ಟಿಪ್ಪುವಿನ ಪಕ್ಷವನ್ನು ಬಿಟ್ಟು, ಕೈಗೆ ಸಿಕ್ಕಿದ್ದನ್ನು ದೋಚಿಕೊಂಡು ಧಾರವಾಡದ ಕಡೆಗೆ ಬಂದನು. ಮರಾಠರ ಸರದಾರ ಧೋಂಡೋಪಂತ ಗೋಖಲೆ ಅವನನ್ನು ಸೋಲಿಸಿದಾಗ ಮತ್ತೆ ಟಿಪ್ಪುವಿನ ಆಶ್ರಯವನ್ನು ಬೇಡಿ ಹೋದನು. ಆಶ್ರಯವು ಸೆರೆಮನೆಯಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ಕೈಸೇರಿದಾಗ ಸೆರೆಯಿಂದ ಹೊರಬಂದ ಅವನ ಬಳಿ ಊರಿರಲಿಲ್ಲ, ಕೋಟೆಯಿರಲಿಲ್ಲ, ಒಡೆಯನೂ ಇರಲಿಲ್ಲ. ಆದರೆ ಟಿಪ್ಪುವಿನ ಸೈನ್ಯವು ಚದುರಿ ಸಾವಿರಾರು ಸಿಪಾಯಿಗಳು ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದರು. ಅವರೇ ಅವನ ಬಂಡವಾಳವಾದರು. ಕೆಲವೇ ತಿಂಗಳಲ್ಲಿ ಅವನು ತುಂಗಭದ್ರೆಯ ಇಕ್ಕೆಲಗಳನ್ನೂ ನಡುಗಿಸುವಷ್ಟು ದೊಡ್ಡವನಾದನು. ತನ್ನನ್ನು 'ಉಭಯ ಲೋಕಾಧೀಶ್ವರ'ನೆಂದು ಕರೆದುಕೊಂಡನು. ಗುಂಟೆ ನೆಲವಿಲ್ಲದವನು ಎರಡು ಲೋಕಗಳಿಗೆ ಒಡೆಯನಾದ ಈ ಬಿರುದನ್ನು ಕೇಳಿ ನನ್ನ ಮೊಮ್ಮಗನು ಚಪ್ಪಾಳೆ ತಟ್ಟಿ ನಕ್ಕನು. ನನಗೂ ನಗು ಬಂದಿತು. ಆದರೆ ನಮ್ಮ ಶಾಸನಗಳಲ್ಲಿ ಅದಕ್ಕಿಂತ ಹಗುರವಾದ ಬಿರುದುಗಳೇನೂ ಇಲ್ಲ. ಗೆದ್ದವರ ಬಿರುದುಗಳಾದ್ದರಿಂದ ನಾವು ನಗುವುದಿಲ್ಲ, ಅಷ್ಟೆ.

ಅವನನ್ನು ಹಿಡಿದು, ಸಿಕ್ಕಿದ ಮೊದಲ ಮರಕ್ಕೇ ನೇಣುಹಾಕಬೇಕೆಂದು ಮದರಾಸು ಸರ್ಕಾರವು ಕಟ್ಟಪ್ಪಣೆ ಮಾಡಿತು. ಆ ಕೆಲಸ ಬಿದ್ದದ್ದು ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಹೆಗಲಿಗೆ. 1800ರ ಜೂನ್ 30ರಂದು ಧೋಂಡಿಯನು ಕಿತ್ತೂರಿನ ಬಳಿ ತನ್ನ ಹಳೆಯ ವೈರಿ ಗೋಖಲೆಯನ್ನು ಕೊಂದನು. ಆ ಮಳೆಗಾಲದಲ್ಲಿ ವೆಲ್ಲೆಸ್ಲಿಯ ಸೈನ್ಯವು ನಮ್ಮ ಸೀಮೆಯ ಮೇಲೆ ಹಾದುಬಂದಿತು. ಕುಂದಗೋಳವನ್ನು ಹಿಡಿದು, ಲಕ್ಷ್ಮೇಶ್ವರದ ಮಾರ್ಗವಾಗಿ ಬಂದು, ಜುಲೈ 26ರಂದು ಡಂಬಳದ ಕೋಟೆಯನ್ನು ಲಗ್ಗೆಹತ್ತಿ ಗೆದ್ದುಕೊಂಡಿತು. ಮರುದಿನ ಗದಗಿಗೆ ಬಂದಾಗ ಅಲ್ಲಿ ಶತ್ರುಗಳಿರಲಿಲ್ಲ. ಮುಂಚಿತವಾಗಿಯೇ ಖಾಲಿಮಾಡಿ ಹೋಗಿದ್ದರು. ಮಳೆಯಲ್ಲಿ ನೆನೆದ ನಮ್ಮ ಎರೆಮಣ್ಣು ಎಂಥದೆಂಬುದು ನಿಮಗೆ ಗೊತ್ತು. ಕಾಲಿಗೆ ಮೆತ್ತಿದರೆ ಹೆಜ್ಜೆಗೊಂದು ಸೇರು ತೂಕ ಏರುತ್ತದೆ. ಆ ಕೆಸರಿನಲ್ಲಿ ತೋಪುಗಾಡಿಗಳನ್ನು ಎಳೆದ ಎತ್ತುಗಳನ್ನು ನೆನೆದರೆ ನನಗೆ ಇಬ್ಬರು ಸೇನಾಪತಿಗಳಿಗಿಂತ ಹೆಚ್ಚಾಗಿ ಅವುಗಳ ಮೇಲೆಯೇ ಕನಿಕರ ಹುಟ್ಟುತ್ತದೆ.

ಜುಲೈ 30ರಂದು ಮಲಪ್ರಭೆಯ ದಂಡೆಯ ಮೇಲಿನ ಮನೋಳಿಯ ಬಳಿ ಧೋಂಡಿಯನ ಪಾಳೆಯವು ಸಿಕ್ಕಿಬಿದ್ದಿತು. ಆನೆ, ಒಂಟೆ, ಕುದುರೆ, ಎತ್ತುಗಳು ವೈರಿಯ ವಶವಾದವು. ಪಾಳೆಯದ ಜನರನ್ನು ತುಂಬಿದ ಹೊಳೆಗೆ ಅಟ್ಟಲಾಯಿತು. ಧೋಂಡಿಯನು ಆಗಲೂ ತಪ್ಪಿಸಿಕೊಂಡನು. ಕೊನೆಗೆ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ, ಸುಮಾರು 5,000 ಸವಾರರೊಡನೆ ನಿಂತು ಕಾದಾಡಿ ಮಡಿದನು. ಸಾಮಾನುಗಳ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನನು ಸಿಕ್ಕಿದನು. ವೆಲ್ಲೆಸ್ಲಿಯು ಆ ಮಗುವನ್ನು ತನ್ನ ಡೇರೆಗೆ ಒಯ್ದು ಸಾಕಿದನು. 1805ರಲ್ಲಿ ಭಾರತವನ್ನು ಬಿಡುವಾಗ ಅವನ ಪೋಷಣೆಗೆಂದು ಹಣವನ್ನು ಇಟ್ಟುಹೋದನು. ಹುಡುಗನು ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ವಾಂತಿಭೇದಿಯ ಬೇನೆಗೆ ತುತ್ತಾದನು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬೇಟೆಗಾರನಾಗಿ ಬಂದ ವೆಲ್ಲೆಸ್ಲಿಗಾದರೂ ಭೂಮಿಯೆಲ್ಲಿತ್ತು? ಅವನು ಐರ್ಲೆಂಡಿನ ಜಹಗೀರುದಾರ ಮನೆತನದ ಕಿರಿಯ ಮಗ. ಆಸ್ತಿಯೆಲ್ಲ ಹಿರಿಯಣ್ಣನ ಪಾಲಾಗಿತ್ತು. ಆ ಕಾಲದ ಪದ್ಧತಿಯಂತೆ ಸೈನ್ಯದ ಹುದ್ದೆಗಳನ್ನು ಸಾಲದ ಹಣದಿಂದ ಕೊಂಡು ಮೇಲೇರಿ, ಅದೃಷ್ಟವನ್ನು ಅರಸಿ 1797ರಲ್ಲಿ ಕಲ್ಕತ್ತೆಗೆ ಬಂದವನು. ಆ ಅಣ್ಣನೇ ಗವರ್ನರ್ ಜನರಲ್ ಆಗಿ ಬಂದದ್ದು ಅವನ ಭಾಗ್ಯ. 1814ರಲ್ಲಿ ಅವನು ವೆಲಿಂಗ್ಟನ್ನಿನ ಡ್ಯೂಕನಾದನು. ಮರುವರ್ಷ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಗೆದ್ದ ಬಳಿಕ, 1817ರಲ್ಲಿ ಇಂಗ್ಲೆಂಡು ಅವನಿಗಾಗಿ ದೊಡ್ಡದೊಂದು ಜಮೀನನ್ನು ಕೊಂಡುಕೊಟ್ಟಿತು. ಹೀಗೆ 1800ರ ಮಳೆಗಾಲದಲ್ಲಿ ಡಂಬಳದ ಕೆಸರಿನಲ್ಲಿ ಭೂಮಿಯಿಲ್ಲದ ಒಬ್ಬ ಸಾಹಸಿಯು ಭೂಮಿಯಿಲ್ಲದ ಇನ್ನೊಬ್ಬ ಸಾಹಸಿಯನ್ನು ಬೆನ್ನಟ್ಟುತ್ತಿದ್ದನು. ಒಬ್ಬನನ್ನು ಇತಿಹಾಸವು ಡ್ಯೂಕನೆಂದು ಕರೆಯಿತು, ಮತ್ತೊಬ್ಬನನ್ನು ದರೋಡೆಕೋರನೆಂದು. ಧೋಂಡಿಯನು ನಿರಪರಾಧಿಯೆಂದು ನಾನು ವಾದಿಸುತ್ತಿಲ್ಲ. ಅವನ ಹಾದಿಯಲ್ಲಿ ಸುಲಿಗೆಗೊಂಡ ಊರುಗಳು ಅನೇಕ. ಕೆಲವರು ಅವನನ್ನು ಸ್ವಾತಂತ್ರ್ಯವೀರನೆಂದು ಮೆರೆಸುವುದನ್ನೂ ನಾನು ಒಪ್ಪಲಾರೆ. ಆದರೆ ಸುಲಿಗೆಗಾಗಿಯೇ ಒಬ್ಬನನ್ನು ಅಳೆಯುವುದಾದರೆ ಆ ಅಳತೆಗೋಲು ಇಬ್ಬರ ಪಾಳೆಯಕ್ಕೂ ಒಂದೇ ಆಗಿರಬೇಕು.

ಈಗ ಆಟದ ಮೇಲಿನ ನನ್ನ ತಕರಾರಿಗೆ ಬರುತ್ತೇನೆ. ಸಮಯ ಹಾಳಾಗುತ್ತದೆಂಬ ತಕರಾರಲ್ಲ ಅದು. ಆ ಬುತ್ತಿಯ ಅಂಕಿಯನ್ನು ಕುರಿತದ್ದು. ಮೊಮ್ಮಗನ ಪಾಳೆಯದಲ್ಲಿ ಬುತ್ತಿ ಇಳಿದಾಗ ಅವನು ಒಂದು ಗುಂಡಿಯನ್ನು ಒತ್ತುತ್ತಿದ್ದನು, ಅಂಕಿ ಏರುತ್ತಿತ್ತು. "ಈ ಕಾಳು ಯಾರ ಹಗೇವಿನಿಂದ ಬಂತಪ್ಪಾ?" ಎಂದು ಕೇಳಿದೆ. "ಹಗೇವು ಅಂದ್ರ ಏನಜ್ಜಾ?" ಎಂದನು. ನೆಲದೊಳಗೆ ಜೋಳವನ್ನು ತುಂಬಿಡುವ ಕಣಜವೆಂದು ಹೇಳಿ, ಮನೆಯ ಮುಂದೆ ಈಗ ಮುಚ್ಚಿಹೋಗಿರುವ ನಮ್ಮ ಹಗೇವಿನ ಜಾಗವನ್ನು ತೋರಿಸಿದೆ. ದಂಡು ಬಂದಾಗ ಊರವರು ಮೊದಲು ಮರೆಮಾಡುತ್ತಿದ್ದುದು ಅದರ ಬಾಯನ್ನು. ಸುಮಾರು 1190ರಲ್ಲಿ ನಮ್ಮ ತಾಲೂಕಿನ ಸೊರಟೂರಿನ ಬಯಲಿನಲ್ಲಿ ಹೊಯ್ಸಳ ವೀರಬಲ್ಲಾಳನು ಸೇವುಣರ ಭಿಲ್ಲಮನನ್ನು ಸೋಲಿಸಿದನೆಂದು ನಾವು ಓದುತ್ತೇವೆ. ಆ ಎರಡು ಸೈನ್ಯಗಳ ಕುದುರೆಗಳು ಎಷ್ಟು ಎಕರೆ ಬಿಳಿಜೋಳವನ್ನು ಮೇದವೋ ಯಾವ ಶಾಸನವೂ ಹೇಳುವುದಿಲ್ಲ. ಹೇಳುವ ಕಲ್ಲುಗಳು ಬೇರೆ ಇವೆ. ನಮ್ಮ ಸೀಮೆಯ ಊರ ಗುಡಿಗಳ ಮುಂದೆ, ಹಾಳು ಕೋಟೆಗಳ ಬಳಿ ನಿಂತಿರುವ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ತುರುಗಳನ್ನು ಅಟ್ಟಿಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತ ಊರವನೊಬ್ಬನು ಕೆಳಗಿನ ಪಟ್ಟಿಯಲ್ಲಿ ಹೋರಾಡುತ್ತಿರುತ್ತಾನೆ. ಅವನ ತುರುಗಳನ್ನು ಒಯ್ದವನು ಯಾರು? ಯಾವನೋ ಸಾಹಸಿಯ ಪಾಳೆಯದವನೇ. ಆ ದಿನ ಅವರ ಬುತ್ತಿಯ ಅಂಕಿ ಸ್ವಲ್ಪ ಏರಿರಬೇಕು.

ಕಾಳನ್ನು ಹೊತ್ತವರ ಕತೆಯೂ ಇದೆ. ವೆಲ್ಲೆಸ್ಲಿಯ ದಂಡಿಗೆ ಧಾನ್ಯವನ್ನು ಒದಗಿಸಿದವರು ಲಂಬಾಣಿಗಳು. ಹೇರೆತ್ತುಗಳ ಮೇಲೆ ಕಾಳು ಮತ್ತು ಉಪ್ಪಿನ ಚೀಲಗಳನ್ನು ಹೇರಿಕೊಂಡು, ಹೆಂಡಿರು ಮಕ್ಕಳೊಡನೆ ಸೈನ್ಯಗಳ ಹಿಂದೆಯೇ ನಡೆದ ಅವರಿಲ್ಲದೆ ದಖ್ಖನ್ನಿನಲ್ಲಿ ಯಾವ ದಂಡೂ ಒಂದು ವಾರ ಬದುಕುತ್ತಿರಲಿಲ್ಲ. ಆಮೇಲೆ ರೈಲು ಬಂದಿತು, ಗಾಡಿರಸ್ತೆಗಳಾದವು, ಹೇರೆತ್ತಿನ ವ್ಯಾಪಾರ ಮುಳುಗಿತು. ಅವರು ತಾಂಡಾಗಳಲ್ಲಿ ನೆಲೆನಿಂತರು. ಕಪ್ಪತಗುಡ್ಡದ ಸುತ್ತಿನ ತಾಂಡಾಗಳಲ್ಲಿ ಇಂದಿಗೂ ಹೊಲವಿಲ್ಲದ ಮನೆಗಳು ಕಡಿಮೆಯಿಲ್ಲ. 1974ರ ಭೂಸುಧಾರಣೆಯ ಕಾನೂನು ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿತು. ಅದು ದೊಡ್ಡ ಕಾರ್ಯ. ಅನೇಕ ಗೇಣಿದಾರರ ಮಕ್ಕಳು ಅದರಿಂದ ತಲೆಯೆತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಏಳನೆಯ ನಮೂನೆಯ ಅರ್ಜಿ ಹಾಕಲು ಗೇಣಿಯ ಹೊಲವಾದರೂ ಇರಬೇಕಿತ್ತು. ದಿನಗೂಲಿಯವನು ಯಾವ ಹೊಲವನ್ನು ತನ್ನದೆಂದು ಬರೆಯಬೇಕು?

ಅವನು ಗುಳೆ ಹೋಗುತ್ತಾನೆ. ಸುಗ್ಗಿ ಮುಗಿದು ಕೆಲಸ ತೀರಿದಾಗ, ಅಥವಾ ಮಳೆ ಕೈಕೊಟ್ಟ ವರ್ಷ, ಹಾಸಿಗೆ ಸುತ್ತಿಕೊಂಡು ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಹೊರಡುತ್ತಾನೆ. ಊರೂರು ಅಲೆದು, ಯಾರೋ ಒಪ್ಪಿಸಿದ ಕೆಲಸವನ್ನು ಮಾಡಿಕೊಟ್ಟು, ಅಲ್ಲೇ ತಗಡಿನ ಜೋಪಡಿ ಹಾಕಿಕೊಂಡು, ಕೆಲಸ ಮುಗಿದಾಗ ಅದನ್ನು ಕಿತ್ತುಕೊಂಡು ಮುಂದಿನ ಊರಿಗೆ ನಡೆಯುವ ಈ ಬದುಕಿಗೂ ಆ ಆಟಕ್ಕೂ ಹೆಜ್ಜೆಹೆಜ್ಜೆಗೂ ಹೋಲಿಕೆಯಿದೆ. ಭೂಮಿಯಿಲ್ಲದಿರುವುದನ್ನು ಆಟಗಾರನು ಆರಿಸಿಕೊಳ್ಳುತ್ತಾನೆ. ಅವನಿಗೆ ಅದು ಬಿಡುಗಡೆ. ಇವನಿಗೆ ಅದು ಹುಟ್ಟಿನೊಡನೆ ಬಂದದ್ದು.

ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಪ್ರತಿವರ್ಷ ಯುಗಾದಿಯ ಮುಂಚಿನ ತಿಂಗಳುಗಳಲ್ಲಿ ಕೆಲವು ಸ್ಥಳಗಳು ಬರಿದಾಗುತ್ತಿದ್ದವು. ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಹಾಕುವುದು ನನ್ನ ಕೆಲಸ, ಹಾಕಿದೆ. ಒಂದು ವರ್ಷ ಮಯೂರಶರ್ಮನ ಪಾಠವನ್ನು ಮಾಡುತ್ತಿದ್ದ ದಿನವೇ ತರಗತಿಯ ಜಾಣ ಹುಡುಗನೊಬ್ಬನು ತಂದೆತಾಯಿಗಳೊಡನೆ ಗೋವೆಗೆ ಹೋದನೆಂದು ತಿಳಿಯಿತು. ಬಡವನ ಮಗನು ಪರನಾಡಿಗೆ ಹೋಗಿ ರಾಜ್ಯ ಕಟ್ಟಿದ ಕತೆಯನ್ನು ನಾನು ಸ್ವಾರಸ್ಯವಾಗಿ ಹೇಳಿ ಮುಗಿಸಿದೆ. ಆ ಹುಡುಗನ ಪರನಾಡಿನ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ಅವನು ಮರಳಿ ಶಾಲೆಗೆ ಬರಲಿಲ್ಲ. ಅವನ ಮನೆಯವರನ್ನು ಕಂಡು, ಅವನನ್ನು ಊರಲ್ಲಿ ಬಿಟ್ಟುಹೋಗುವಂತೆ ಮಾಡಲು ನಾನು ಪ್ರಯತ್ನಿಸಬಹುದಾಗಿತ್ತು. ಮಾಡಲಿಲ್ಲ. ಗ್ರಾಮೀಣಾಭಿವೃದ್ಧಿಗೆಂದೇ ಸ್ಥಾಪಿತವಾದ ವಿಶ್ವವಿದ್ಯಾಲಯವೊಂದು ಈಗ ನಮ್ಮ ನಾಗಾವಿಯಲ್ಲೇ ಇದೆ. ಅದರ ಕಟ್ಟಡಗಳನ್ನು ಹಾದು ಸಂಜೆಯ ತಿರುಗಾಟಕ್ಕೆ ಹೋಗುವಾಗ ಆ ಹುಡುಗನು ಇಲ್ಲಿ ಓದಬಹುದಾಗಿತ್ತೆಂದು ಎಷ್ಟೋ ಸಲ ಅನಿಸಿದೆ. ಇಂಥವೇ ಕಟ್ಟಡಗಳಿಗೆ ಎಲ್ಲಿಯೋ ಇಟ್ಟಂಗಿ ಹೊರುತ್ತಿದ್ದಾನೋ ಎಂದೂ ಅನಿಸಿದೆ.

ಆದ್ದರಿಂದ ಆಟವಾಡಬೇಡಿರೆಂದು ನಾನು ಹೇಳಲಾರೆ. ಅಂಥ ಪಾಠ ಮಾಡಿದ ನನಗೆ ಆ ಅಧಿಕಾರವಿಲ್ಲ. ರಾಜನಾಗಿ ಆಡಿದರೆ ಒಂದೇ ಕಿಟಕಿಯಿಂದ ನೋಡಿದಂತೆ. ಭೂಮಿಯಿಲ್ಲದವನಾಗಿ ಆಡಿದರೆ ಬೇರೊಂದು ಕಿಟಕಿ ತೆರೆಯುತ್ತದೆ. ಆಟವು ಇನ್ನೂ ತೆರೆಯದ ಮೂರನೆಯ ಕಿಟಕಿಯೊಂದಿದೆ: ಪಾಳೆಯವು ಬರುತ್ತಿರುವುದನ್ನು ಕಂಡು ಹಗೇವಿನ ಬಾಯಿ ಮುಚ್ಚುವವಳದು, ಕಾಳಿನ ಚೀಲವನ್ನು ಎತ್ತಿನ ಬೆನ್ನಿಗೇರಿಸುವವನದು. ಅದನ್ನು ತೆರೆದು ನೋಡುವಂತೆ ಆಟವನ್ನು ಕಟ್ಟಬಲ್ಲವರು ನಿಮ್ಮಲ್ಲೇ ಯಾರಾದರೂ ಇರಬಹುದು. ಅಲ್ಲಿಯವರೆಗೆ ಪಾಠದ ಪುಸ್ತಕವಾದರೂ, ಶಿಕ್ಷಕನಾದರೂ ಆ ಕೆಲಸವನ್ನು ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊಮ್ಮಗನು ಊರಿಗೆ ಹೊರಡುವ ಹಿಂದಿನ ಸಂಜೆ ನಮ್ಮ ಓಣಿಯ ಗೃಹಸ್ಥನೊಬ್ಬನು ಗೋವೆಯಿಂದ ಮರಳಿದ್ದವನು ಮಾತನಾಡಿಸಲು ಬಂದನು. ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, "ಮಳಿ ಆಗೂ ಹಂಗ ಐತಿ, ಬಂದ್ವಿರಿ ಮಾಸ್ತರ" ಎಂದನು. ಮೊಮ್ಮಗನು ಗಣಕಯಂತ್ರವನ್ನು ಮುಚ್ಚಿಟ್ಟು ಅವನ ಬಳಿಗೆ ಸರಿದು ಕುಳಿತನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಕಾ, ಹೋಗುವಾಗ ಎಷ್ಟು ದಿನದ ಬುತ್ತಿ ಒಯ್ತೀರಿ?" ಎಂದು ಕೇಳಿದನು.

ಅವನು ಹುಡುಗನ ಮುಖವನ್ನೇ ನೋಡಿದನು. ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಕ್ಕಿಲ್ಲ. ಬಳಿಕ ಬೆರಳು ಮಡಿಸಿ ಎಣಿಸತೊಡಗಿದನು: "ಖಡಕ್ ರೊಟ್ಟಿ ಎಂಟು ದಿನಕ್ಕ ಆಗೂವಷ್ಟು, ಶೇಂಗಾ ಚಟ್ನಿ ಒಂದು ಡಬ್ಬಿ, ಒಂದು ಪಡಿ ಬ್ಯಾಳಿ. ಅಷ್ಟರಾಗ ಕೆಲಸ ಸಿಗಬೇಕು ತಮ್ಮಾ. ಸಿಗದಿದ್ರ ಮುಂದಿನ ಊರು."